ಅಳತೆ ಕೊಟ್ಟು ಮಾಡಿಸಿದ ರೈಫಲ್ಲು

ಸಿದ್ಧ ಉಡುಪು ಕಂಡರೆ ನನಗೆ ಮೊದಲಿನಿಂದಲೂ ಆಗದು. ಇದರಲ್ಲಿ ತತ್ತ್ವವೇನೂ ಇಲ್ಲ; ನಮ್ಮದು ಬಟ್ಟೆಯ ಅಂಗಡಿ. ಮೂಡಲಗಿಯ ಪೇಟೆಯಲ್ಲಿ ಅಜ್ಜನ ಕಾಲದಿಂದ ಗಜ ಹಿಡಿದು ಅಳೆದು, ಹರಿದು ಕೊಟ್ಟವರು ನಾವು. ಎದುರಿನ ಅಂಗಡಿಯವರು ಹೊಲಿದ ಅಂಗಿಗಳನ್ನು ತಂದು ಬಾಗಿಲಿಗೆ ತೂಗುಹಾಕಿದ ದಿನದಿಂದ ನಾನು ಗಿರಾಕಿಗಳಿಗೆ ಬಟ್ಟೆಯ ಜೊತೆಗೆ ಒಂದು ಸಣ್ಣ ಪ್ರವಚನವನ್ನೂ ಕೊಡತೊಡಗಿದೆ. ದೇವರು ಇಬ್ಬರನ್ನು ಒಂದೇ ಅಳತೆಯಲ್ಲಿ ಮಾಡಿಲ್ಲ. ಉಳುವವನ ಎತ್ತರ ನೋಡಿ ನೇಗಿಲಿಗೆ ಮೇಳಿ ಕೂಡಿಸುತ್ತಾರೆ, ಪಾದ ನೋಡಿ ಚಪ್ಪಲಿ ಕೊಯ್ಯುತ್ತಾರೆ. ಹಾಗಿರುವಾಗ ಯಾರಿಗೋ ಹೊಲಿದ ಅಂಗಿ ನಿನಗೆ ಹೇಗೆ ಆದೀತು? ಗಿರಾಕಿ ಭಕ್ತಿಯಿಂದ ತಲೆಯಾಡಿಸಿ, ರಸ್ತೆ ದಾಟಿ, ಎದುರಿನ ಅಂಗಡಿಯಲ್ಲಿ ಅಂಗಿ ಕೊಳ್ಳುತ್ತಿದ್ದ.

ಇಂಥ ಮನುಷ್ಯನ ತಲೆಯಲ್ಲಿ ಒಂದು ರೈಫಲ್ಲು ಹೊಕ್ಕಿತು.

ಚೀನಾದ ಯುದ್ಧ ಮುಗಿದ ಮರುವರ್ಷ ಅದು. ಪೇಟೆಯಲ್ಲಿ ಹತ್ತಿ, ಬೆಲ್ಲದ ಮಾತಾಡುತ್ತಿದ್ದವರೆಲ್ಲ ಹಿಮಾಲಯದ ಕಣಿವೆಗಳ ಹೆಸರು ಹೇಳಿ ವಾದ ಮಾಡುತ್ತಿದ್ದರು. ನಾಗರಿಕರಿಗೂ ಗುರಿ ಹೊಡೆಯಲು ಬರಬೇಕೆಂದು ಗೋಕಾಕದಲ್ಲಿ ಒಂದು ರೈಫಲ್ ಕ್ಲಬ್ಬು ಶುರುವಾಯಿತು. ಊರ ಹೊರಗೆ, ಗುಡ್ಡದ ಬುಡದಲ್ಲಿ ಕಲ್ಲು ತೆಗೆದು ಬಿಟ್ಟಿದ್ದ ಒಂದು ಹಳೆಯ ತಗ್ಗು ಇತ್ತು. ಅದರಲ್ಲಿ ಗೋಣಿತಟ್ಟು ಹಾಸಿಕೊಂಡು ಮಲಗಿ, ಎದುರಿನ ಕಲ್ಲುಗೋಡೆಯ ಮುಂದೆ ನಿಲ್ಲಿಸಿದ ಹಲಗೆಯ ಕಾಗದಕ್ಕೆ ಗುಂಡು ಹೊಡೆಯುವುದು. ನಾನು ರವಿವಾರದ ಮೊದಲ ಬಸ್ಸಿಗೆ ಗೋಕಾಕಕ್ಕೆ ಹೋಗಿ, ಮೈತುಂಬ ಧೂಳು ಮಾಡಿಕೊಂಡು, ಮಧ್ಯಾಹ್ನದ ಬಸ್ಸಿಗೆ ದೇಶರಕ್ಷಕನಾಗಿ ಮರಳುತ್ತಿದ್ದೆ.

ಕಲಿಸುವವರು ಸುಬೇದಾರ ಯಲ್ಲಪ್ಪನವರು. ಹುಕ್ಕೇರಿ ಕಡೆಯವರು; ಸೈನ್ಯದಿಂದ ನಿವೃತ್ತರಾಗಿ ಗೋಕಾಕದಲ್ಲಿ ಮಗಳ ಮನೆಯ ಹತ್ತಿರ ನೆಲೆಸಿದ್ದರು. ಕೆಲವು ವರ್ಷಗಳ ಹಿಂದೆ ಅವರ ಕೇರಿಯವರೆಲ್ಲ ಬೌದ್ಧರಾದಾಗ ಅವರೂ ಆಗಿದ್ದರು. ಮೀಸೆ ಬೆಳ್ಳಗಾಗಿದ್ದರೂ ಬೆನ್ನು ಗಜದಷ್ಟು ನೆಟ್ಟಗೆ. ಸಾವಕಾರನಿರಲಿ, ವಕೀಲನಿರಲಿ, "ಮಲಗ್ರಿ" ಎಂದರೆ ಮಲಗಬೇಕು, "ಉಸರ ಹಿಡೀರಿ" ಎಂದರೆ ಹಿಡಿಯಬೇಕು. ಊರಿನಲ್ಲಿ ಅವರ ಎದುರು ಕುರ್ಚಿ ಬಿಟ್ಟು ಏಳದ ಕೆಲವರು ಆ ತಗ್ಗಿನಲ್ಲಿ ಅವರ ಕಾಲಬಳಿ ಬೋರಲು ಮಲಗಿರುವುದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಆಮೇಲೆ ನಾನೂ ಮಲಗಿದ್ದೇನೆಂಬುದು ನೆನಪಾಗುತ್ತಿತ್ತು.

ತೊಂದರೆ ಒಂದೇ. ಕ್ಲಬ್ಬಿನಲ್ಲಿ ಇದ್ದವು ಎರಡು ರೈಫಲ್ಲು, ಕಾಯುವವರು ಒಂದು ಬಸ್ಸಿನ ತುಂಬ. ನನ್ನ ಸರದಿ ಬರುವಷ್ಟರಲ್ಲಿ ಬಿಸಿಲೇರಿ ಕಾಗದ ಕಣ್ಣಿಗೆ ಕುಣಿಯುತ್ತಿತ್ತು. ಸ್ವಂತದ್ದೊಂದು ರೈಫಲ್ಲು ಇದ್ದರೆ ನಾನು ಏನಾಗಿಬಿಡುತ್ತಿದ್ದೆನೋ ಎಂಬ ಕನಸು ಆಗಲೇ ಹುಟ್ಟಿದ್ದು. ಈ ಜಗತ್ತಿನಲ್ಲಿ ಗುರಿ ತಪ್ಪಿದ ಪ್ರತಿಯೊಬ್ಬನೂ ಬೇರೆ ಬಂದೂಕಿನ ಕನಸು ಕಾಣುತ್ತಾನೆ.

ಕ್ಲಬ್ಬಿನ ಶಿಫಾರಸಿನಿಂದ ಲೈಸನ್ಸು ಸಿಕ್ಕಿತು. ಬೆಳಗಾವಿಗೆ ಹೋದೆ. ಬಂದೂಕಿನ ಅಂಗಡಿಯ ಮುಂಭಾಗದಲ್ಲಿ, ಗಾಜಿನ ಕಪಾಟಿನೊಳಗೆ, ಹೊಸ ರೈಫಲ್ಲೊಂದು ಮದುಮಗನ ಹಾಗೆ ಎಣ್ಣೆ ಹಚ್ಚಿಕೊಂಡು ನಿಂತಿತ್ತು. ರೈಫಲ್ಲೆಂದರೆ ಬರೀ ಬಂದೂಕಲ್ಲ. ಕೊಳವೆಯ ಒಳಗೆ ಸುರುಳಿಯಾಗಿ ಗೆರೆ ಕೊರೆದಿರುತ್ತಾರೆ, ಗುಂಡು ಬುಗುರಿಯಂತೆ ತಿರುಗುತ್ತ ಹೋಗುವುದರಿಂದ ದಾರಿ ತಪ್ಪುವುದಿಲ್ಲ. ಇದನ್ನೆಲ್ಲ ನಾನು ಅಂಗಡಿಯವರಿಗೇ ವಿವರಿಸಿದೆ. ಅವರು ಸಹನೆಯಿಂದ ಕೇಳಿ, ನನ್ನ ಅಂಗಿಯ ಸವೆದ ಕಾಲರು ನೋಡಿ, ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಇನ್ನೊಂದು ಇತ್ತು. ಕಬ್ಬಿಣ ಹಳೆಯದಾದರೂ ಥಳಥಳ ಹೊಳೆಯುತ್ತಿತ್ತು. ಆದರೆ ಭುಜಕ್ಕೆ ಆನಿಸುವ ಮರದ ಹಿಡಿಯನ್ನು ಮಾತ್ರ ಗೆದ್ದಲು ತಿಂದು ಮುಗಿಸಿತ್ತು.

"ಕಬ್ಬಿಣ ಏಕದಂ ಪಕ್ಕಾ ಐತ್ರಿ," ಎಂದರು ಅಂಗಡಿಯವರು. "ಹಿಡಿ ನಿಮ್ಮ ಅಳತಿಗೆ ಮಾಡಸ್ರಿ. ಮುಂದಿಂದು ಬೇಕಾದ್ರ ತಯಾರ ಐತಿ, ಇವತ್ತ ಒಯ್ಯಬಹುದು. ನಿಮ್ಮ ಖುಷಿ."

ನಮ್ಮ ಅಳತೆಗೆ ಮಾಡಿಸುವುದು! ಆ ಮಾತು ನೇರ ನನ್ನ ಪ್ರವಚನದ ಎದೆಗೇ ನಾಟಿತು. ಆದರೂ ಆ ದಿನ ಏನನ್ನೂ ತಾರದೆ ಊರಿಗೆ ಬಂದೆ. ಕೊಳ್ಳುವುದೋ, ಮಾಡಿಸುವುದೋ?

ನಾನು ಈ ಪ್ರಶ್ನೆಯನ್ನು ಒಬ್ಬನೇ ಇಟ್ಟುಕೊಂಡಿದ್ದರೆ ಬೇಗ ಬಗೆಹರಿಯುತ್ತಿತ್ತೇನೋ. ಅಂಗಡಿಯ ಕಟ್ಟೆಯ ಮೇಲೆ ಬಾಯಿ ಬಿಟ್ಟೆ. ಸಂಜೆಯೊಳಗೆ ಮೂಡಲಗಿ ಎರಡು ಪಕ್ಷವಾಯಿತು. ನಮ್ಮ ದರ್ಜಿ, ಸಹಜವಾಗಿ, ಮಾಡಿಸುವ ಪಕ್ಷ. ಎದುರಿನ ಅಂಗಡಿಯವರು ಕೊಳ್ಳುವ ಪಕ್ಷದ ಮುಖಂಡರು. ಬಂದೂಕನ್ನು ಪೊಲೀಸರ ಹೆಗಲ ಮೇಲಲ್ಲದೆ ಬೇರೆಲ್ಲೂ ಕಾಣದವರು ಮರದ ಜಾತಿ, ಎಣ್ಣೆಯ ಬಗೆ, ಹಿಡಿಯ ಬಾಗು ಇವುಗಳ ಬಗ್ಗೆ ಚಹಾ ಆರುವವರೆಗೆ ಮಾತಾಡಿದರು. ಸುಬೇದಾರರು ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದರು: "ತಯಾರ ಇದ್ದದ್ದು ತಗೋರಿ ಸಾವ್ಕಾರ್ರ. ಬಂದೂಕೇನು ಲಗ್ನದ ಅಂಗೀ ಏನ್ರಿ, ಅಳತಿ ಕೊಟ್ಟ ಹೊಲಸಾಕ?"

ಮನೆಯಲ್ಲಿ ಅವ್ವ ಎರಡೂ ಪಕ್ಷದ ವಿರುದ್ಧ ನಿಂತಳು. "ಗಜ ಐತಿ, ಕತ್ತರಿ ಐತಿ. ಮನ್ಯಾಗ ಇನ್ನ ಬಂದೂಕೊಂದ ಕಮ್ಮಿ ಆಗಿತ್ತೇನೋ ಶಿವಪುತ್ರಾ?" ಎಂದಳು. ನನ್ನ ಹೆಂಡತಿ ನೀಲವ್ವನನ್ನು ಯಾರೂ ಕೇಳಲಿಲ್ಲ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ನನ್ನ ವಾದಗಳನ್ನೆಲ್ಲ ಅವಳಿಗೆ ಒಪ್ಪಿಸುತ್ತಿದ್ದೆ, ಅವಳು ಹ್ಞೂಂ ಎನ್ನುತ್ತಿದ್ದಳು. ಆ ಹ್ಞೂಂ ಯಾವ ಪಕ್ಷದ್ದೆಂದು ತಿಳಿಯುವ ಗೋಜಿಗೆ ನಾನು ಹೋಗಲಿಲ್ಲ.

ಕೊನೆಗೆ ಗೆದ್ದದ್ದು ನನ್ನ ಪ್ರವಚನ. ಗಿರಾಕಿಗೆ ಒಂದು ಹೇಳಿ ತಾನೊಂದು ಮಾಡುವುದು ವ್ಯಾಪಾರಿಗೆ ಶೋಭೆಯಲ್ಲ. ಗೆದ್ದಲು ತಿಂದ ರೈಫಲ್ಲನ್ನೇ ತಂದೆ. ಮರಕ್ಕೆ ಅಟ್ಟದ ಮೇಲಿದ್ದ ಮುರಿದ ತೂಗುಮಣೆ ಇತ್ತು, ಒಳ್ಳೆಯ ಬೀಟೆ. ಅವ್ವ ಎರಡು ದಿನ ಮುಖ ಗಂಟಿಕ್ಕಿಕೊಂಡು, ಮೂರನೆಯ ದಿನ ತಾನೇ ಅದರ ಧೂಳು ಒರೆಸಿ ಕೊಟ್ಟಳು.

ಇನ್ನು ಮಾಡುವವರು. ಗೋಕಾಕದಲ್ಲಿ ಗೊಂಬೆ ಮಾಡುವವರಿದ್ದಾರೆಂದು ನಿಮಗೆ ಗೊತ್ತೇ ಇದೆ. ಅವರು ಮಾಡಿ ಬಣ್ಣ ಹಚ್ಚಿದ ಹಣ್ಣುಗಳನ್ನು ತಟ್ಟೆಯಲ್ಲಿಟ್ಟರೆ ಬಂದ ಬೀಗರು ಕೈಹಾಕಿ ನಾಚಿಕೊಳ್ಳುತ್ತಾರೆ. ಅವರಲ್ಲಿ ಚಿತ್ರಗಾರ ತಮ್ಮಣ್ಣ ನನ್ನ ಹಳೆಯ ಗಿರಾಕಿ. ಬಾಯಿ ತುಂಬ ಎಲೆಯಡಿಕೆ, ಮಾತಿನ ತುಂಬ ತನ್ನದೇ ಹೊಗಳಿಕೆ.

"ನಾ ಮಾಡಿದ ಬಾಳಿಹಣ್ಣು ಗೋಕಾಕ ಫಾಲ್ಸಿನಾಗ ಮಂಗ್ಯಾ ಕಸಗೊಂಡ ಹೋತ್ರಿ," ಎಂದ. "ಗಿಡಾ ಹತ್ತಿ ಸಿಪ್ಪಿ ಸುಲಿಯಾಕ ನೋಡ್ತು. ಬರಲಿಲ್ಲ. ಸಿಟ್ಟಿಗೆದ್ದು ನನ್ನ ತಲಿಗೇ ಒಗೀತು. ಅಂಥಾದ್ರಾಗ ನಿಮ್ಮ ಬಂದೂಕಿನ ಹಿಡಿ ಯಾವ ಲೆಕ್ಕ?"

ಮಂಗನನ್ನು ಮೋಸಗೊಳಿಸಿದವನು ರೈಫಲ್ಲಿನ ಹಿಡಿ ಮಾಡಬಲ್ಲ ಎಂಬ ತರ್ಕದಲ್ಲಿ ಆಗ ನನಗೆ ದೋಷ ಕಾಣಲಿಲ್ಲ. ತೂಗುಮಣೆ ಅವನ ಕೈಗೆ ಹೋಯಿತು. ಅವನು ಬಾಚಿಯಿಂದ ಕೆತ್ತಿ, ಉಳಿಯಿಂದ ತಿದ್ದಿ, ಕಬ್ಬಿಣ ಕೂರುವ ಕಾಲುವೆ ತೋಡಿದ. ಡಿಸೆಂಬರಿನ ಚಳಿ. ಅಳತೆಗೆಂದು ಮುಂಜಾನೆ ಮೊದಲ ಬಸ್ಸಿಗೇ ಹೋಗುತ್ತಿದ್ದೆ; ಮೈಮೇಲೆ ಉಣ್ಣೆಯ ಕೋಟು, ಅದರ ಮೇಲೆ ಶಾಲು, ಕೊರಳಿಗೆ ಮಫ್ಲರು. ಕಬ್ಬಿಣವನ್ನು ಸುಮ್ಮನೆ ಕೂರಿಸಿ ಹಿಡಿಯನ್ನು ಭುಜಕ್ಕೆ ಆನಿಸಿದರೆ ಬೆರಳು ಕುದುರೆಯನ್ನು, ಎಂದರೆ ಗುಂಡು ಹಾರಿಸಲು ಎಳೆಯುವ ಕೀಲನ್ನು, ಮುಟ್ಟುತ್ತಿರಲಿಲ್ಲ.

"ಉದ್ದ ಆತು ತಮ್ಮಣ್ಣ," ಎನ್ನುತ್ತಿದ್ದೆ.

"ಕಡೀತೇನ್ರಿ," ಎನ್ನುತ್ತಿದ್ದ.

ಮುಂದಿನ ವಾರ ಚಳಿ ಇನ್ನೂ ಹೆಚ್ಚಾಗಿ ನಾನು ಒಳಗೊಂದು ಸ್ವೆಟರು ಹಾಕಿದ್ದೆ. ಮತ್ತೆ ಉದ್ದವಾಯಿತು. ಮತ್ತೆ ಕಡಿದ. ಜೀವನವಿಡೀ ಬಟ್ಟೆಯ ನಡುವೆಯೇ ಬದುಕಿದವನಿಗೆ ಮೈಮೇಲಿನ ಬಟ್ಟೆಗೂ ದಪ್ಪವಿರುತ್ತದೆಂಬುದು ಹೊಳೆಯಲಿಲ್ಲ.

ಕೊನೆಗೆ ಹಿಡಿ ತಯಾರಾಯಿತು. ತಮ್ಮಣ್ಣ ಮೇಲಿನ ಅರಿವೆ ಸರಿಸಿದಾಗ ನನಗೆ ಎದೆ ಒಡೆದಂತಾಯಿತು. ಹಿಡಿಗೆ ಹಳದಿ ಬಣ್ಣ, ಅಂಚಿಗೆ ಕೆಂಪು ಪಟ್ಟಿ, ನಡುವೆ ಮಾವಿನ ಟೊಂಗೆಯ ಮೇಲೆ ಕುಳಿತ ಹಸಿರು ಗಿಳಿ. ಗಿಳಿ ಬಹಳ ಚೆನ್ನಾಗಿಯೇ ಇತ್ತು.

"ಬಣ್ಣ ಯಾರು ಹಚ್ಚಂದ್ರು?"

"ಹಚ್ಚಬ್ಯಾಡ ಅಂತ ನೀವೂ ಅನಲಿಲ್ಲಲ್ರಿ," ಎಂದ ತಮ್ಮಣ್ಣ, ಗಿಳಿಯ ಕೊಕ್ಕನ್ನು ಪ್ರೀತಿಯಿಂದ ಸವರುತ್ತ.

ಬಣ್ಣವನ್ನೆಲ್ಲ ಕೆರೆದು ತೆಗೆದೆವು. ಗಿಳಿ ಇದ್ದ ಜಾಗದಲ್ಲಿ ಮಾತ್ರ ಮರದ ಎಳೆಯೊಳಗೆ ಒಂದಿಷ್ಟು ಹಸಿರು ಉಳಿಯಿತು. ಬೆಳಗಾವಿಯ ಅಂಗಡಿಯಲ್ಲಿ ಕಬ್ಬಿಣ ಕೂಡಿಸಿ ತಿರುಪು ಬಿಗಿಸಿಕೊಂಡು, ಸುಬೇದಾರರ ಕೈಯಿಂದ ಪರೀಕ್ಷೆ ಮಾಡಿಸಿ, ಒಂದು ರವಿವಾರ ನನ್ನ ಸ್ವಂತ ರೈಫಲ್ಲಿನೊಂದಿಗೆ ತಟ್ಟಿನ ಮೇಲೆ ಮಲಗಿದೆ. ಬಿಸಿಲು ಏರಿತ್ತು. ಕೋಟು, ಶಾಲು, ಸ್ವೆಟರು, ಮಫ್ಲರು ನಾಲ್ಕನ್ನೂ ಕಳಚಿಟ್ಟಿದ್ದೆ.

ಹಿಡಿ ಗಿಡ್ಡವಾಗಿತ್ತು. ಸ್ವಲ್ಪವಲ್ಲ, ನಗು ಬರುವಷ್ಟು ಗಿಡ್ಡ. ನನ್ನ ಹೆಬ್ಬೆರಳು ನನ್ನ ಮೂಗಿಗೇ ಒತ್ತುತ್ತಿತ್ತು. ಉಸಿರು ಬಿಟ್ಟರೆ ಕನ್ನಡಕದ ಮೇಲೆ ಮಂಜು ಕವಿಯುತ್ತಿತ್ತು. ಗುಂಡುಗಳು ಕಾಗದ ಬಿಟ್ಟು ಗುಡ್ಡವನ್ನೆಲ್ಲ ಸಂದರ್ಶಿಸಿದವು.

ಸುಬೇದಾರರು ಬಹಳ ಹೊತ್ತು ನೋಡಿ ಕೇಳಿದರು: "ಸಾವ್ಕಾರ್ರ, ನಿಮಗ ತಮ್ಮಾರು ಯಾರರ ಅದಾರೇನು?"

"ಇಲ್ರಿ. ಯಾಕ್ರಿ?"

"ಇದ್ದಿದ್ರ ಅವರಿಗೆ ಛಲೋ ಆಗ್ತಿತ್ತು."

ಆ ಮಾತು ನನಗಿಂತ ಮೊದಲು ಮೂಡಲಗಿ ತಲುಪಿತು. ಎದುರಿನ ಅಂಗಡಿಯವರು ಅಂಗಿ ತೂಗುಹಾಕುವಾಗಲೆಲ್ಲ, "ತಯಾರ ಐತ್ರಿ, ಗಿಡ್ಡ ಆಗೂದಿಲ್ಲ," ಎಂದು ರಸ್ತೆಗೆ ಕೇಳುವಂತೆ ಹೇಳತೊಡಗಿದರು. ಅದರ ಮೇಲೆ ಇನ್ನೊಂದು ಸಂಕಟ. ಮುಂದಿನ ತಿಂಗಳು ಹುಕ್ಕೇರಿಯ ಕ್ಲಬ್ಬಿನವರ ಜೊತೆ ಪಂದ್ಯ ಗೊತ್ತಾಗಿತ್ತು. ಸ್ವಂತ ರೈಫಲ್ಲು ತರುತ್ತೇನೆಂದು ನಾನು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದೆ. ತಮ್ಮಣ್ಣನ ಹತ್ತಿರ ಹೋದರೆ, "ಹಿಂದ ಒಂದ ತುಂಡು ಅಂಟಸೂಣು, ಬಣ್ಣ ಹಚ್ಚಿದ್ರ ಗೊತ್ತಾಗೂದಿಲ್ಲ," ಎಂದ. ಬಣ್ಣ ಎಂಬ ಶಬ್ದ ಕೇಳಿ ಎದ್ದು ಬಂದೆ.

ಮುಂದಿನ ರವಿವಾರ ಅವ್ವ ಹಟ ಹಿಡಿದಳು. "ನನ್ನ ತೂಗುಮಣಿ ಏನ ಮಾಡೀರಿ, ನೋಡೇ ಬಿಡ್ತೇನಿ," ಎಂದು ನೀಲವ್ವನ ಕೈಯಲ್ಲಿ ಬುತ್ತಿಯ ಗಂಟು ಕೊಟ್ಟು ನನ್ನ ಜೊತೆ ಬಸ್ಸು ಹತ್ತಿದಳು. ತಗ್ಗಿನ ಅಂಚಿನ ಬೇವಿನ ನೆರಳಲ್ಲಿ ಅತ್ತೆ ಸೊಸೆ ಕುಳಿತರು. ಆ ದಿನವೂ ನಾನು ಗುಡ್ಡಕ್ಕೇ ಹೊಡೆದೆ.

ಸುಬೇದಾರರು ಬೇವಿನ ಕಡೆ ತಿರುಗಿ ಗೌರವದಿಂದ ಹೇಳಿದರು: "ಹೆಣ್ಣಮಕ್ಕಳಿಗೂ ಕಲಸ್ರಿ ಅಂತ ಮ್ಯಾಲಿಂದ ಹುಕುಂ ಬಂದೈತ್ರಿ ಅವ್ವಾರ. ಇಲ್ಲೀಮಟ ಒಬ್ರೂ ಬಂದಿಲ್ಲ. ಬರೇ ಹಿಡದ ನೋಡಾಕ ಅಡ್ಡಿ ಇಲ್ಲ."

ನಾನು ನಕ್ಕೆ. ಅವ್ವನೂ ನಕ್ಕಳು. ನೀಲವ್ವ ಎದ್ದು ನಿಂತಳು.

ನೀಲವ್ವನ ತವರು ಯಮಕನಮರಡಿಯ ಹತ್ತಿರದ ಹೊಲದ ಮನೆ. ಮದುವೆಯಾಗುವವರೆಗೆ ಜೋಳದ ಹೊಲದ ನಡುವೆ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸಿದವಳು. ನಮ್ಮ ಮನೆಗೆ ಬಂದ ಮೇಲೆ ಅವಳು ಬೀಸಿದ್ದು ಕಲ್ಲು ಮಾತ್ರ, ಅದೂ ಹಿಟ್ಟಿನದು. ಇದೆಲ್ಲ ನನಗೆ ಗೊತ್ತಿತ್ತು. ಅವಳ ಊರಿನ ಹೆಸರು ಗೊತ್ತಿರುವ ಹಾಗೆ ಗೊತ್ತಿತ್ತು, ಅಷ್ಟೇ.

"ಮಲಗೂದು ಬ್ಯಾಡ ತಂಗೀ, ಕುಂತು ಹೊಡಿ. ಸೈನ್ಯದಾಗೂ ಕುಂತು ಹೊಡೀತಾರ," ಎಂದರು ಸುಬೇದಾರರು. ಅವಳು ಸೆರಗು ಸೊಂಟಕ್ಕೆ ಬಿಗಿದು, ರೊಟ್ಟಿ ಬಡಿಯಲು ಕೂರುವಂತೆ ಕೂತು, ಬಳೆಗಳನ್ನು ಮೊಳಕೈವರೆಗೆ ಏರಿಸಿ, ರೈಫಲ್ಲನ್ನು ಭುಜಕ್ಕೆ ಆನಿಸಿದಳು.

ಅದು ಕೂತಿತು. ಬೇರೆ ಶಬ್ದ ನನಗೆ ಹೊಳೆಯುತ್ತಿಲ್ಲ. ಒಳ್ಳೆಯ ದರ್ಜಿ ಹೊಲಿದ ರವಿಕೆಯ ಹಾಗೆ ಕೂತಿತು. ಕೆನ್ನೆ ಮರಕ್ಕೆ, ಬೆರಳು ಕುದುರೆಗೆ, ಭುಜ ಹಿಡಿಗೆ. ಇಷ್ಟು ದಿನ ನಾನು ಕೊಳ್ಳುವುದೋ ಮಾಡಿಸುವುದೋ ಎಂದು ತಲೆಕೆಡಿಸಿಕೊಂಡಿದ್ದೆನೇ ಹೊರತು, ಯಾರಿಗೆ ಎಂದು ಕೇಳಿಕೊಂಡಿರಲಿಲ್ಲ.

ಮೊದಲ ಗುಂಡು ಹಲಗೆಯ ಅಂಚಿಗೆ ಬಡಿಯಿತು. "ಗಾಳಿ ನೋಡಿಲ್ಲ ನಾ," ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಎರಡನೆಯದು ಕಾಗದದೊಳಗೆ. ಮೂರನೆಯದಕ್ಕೆ ಸುಬೇದಾರರು ದುರ್ಬೀನು ತೆಗೆದರು. ಆಮೇಲೆ ಅವರು ಅದನ್ನು ಕಣ್ಣಿನಿಂದ ಇಳಿಸಲೇ ಇಲ್ಲ.

"ಸಾವ್ಕಾರ್ರ," ಎಂದರು ಕೊನೆಗೆ, "ಪಂದ್ಯಕ್ಕ ನಿಮ್ಮ ಹೆಸರ ತಗೀತೇನ್ರಿ."

ನನಗೆ ಬೇಸರವಾಯಿತೇ? ಆಯಿತು, ಬಸ್ಸು ಮೂಡಲಗಿಯ ಅರ್ಧ ದಾರಿ ಸವೆಸುವವರೆಗೆ. ಆಮೇಲೆ ನೋಡಿದರೆ ನೀಲವ್ವ ಕಿಟಕಿಯ ಹೊರಗಿನ ಜೋಳದ ಹೊಲಗಳನ್ನು ನೋಡುತ್ತ ಒಬ್ಬಳೇ ನಗುತ್ತಿದ್ದಳು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಆ ನಗುವನ್ನು ನಾನು ನೋಡಿರಲಿಲ್ಲ. ಅದಕ್ಕೆ ನನ್ನ ಹೆಸರು ಬಿಟ್ಟುಕೊಡುವುದು ಅಗ್ಗದ ವ್ಯಾಪಾರವೆನಿಸಿತು.

ಅವ್ವನದೇ ಕಷ್ಟ. ಬೇವಿನ ನೆರಳಲ್ಲಿ ನಕ್ಕವಳು ಮನೆಗೆ ಬಂದ ಮೇಲೆ ಗಂಭೀರಳಾದಳು. "ಇವತ್ತಿಂದು ಬ್ಯಾರೆ. ಪಂದ್ಯಕ್ಕ ಎರಡ ತಾಲೂಕಿನ ಗಂಡಸರು ನೆರೀತಾರ. ಅವರ ಮುಂದ ನಮ್ಮ ಸೊಸಿ ಬಂದೂಕು ಹಾರಸೂದಂದ್ರ..."

ನೀಲವ್ವ ಮಣೆಯ ಮೇಲಿನ ಹಿಟ್ಟಿನಿಂದ ಕೈ ತೆಗೆಯದೆಯೇ ಹೇಳಿದಳು: "ಅತ್ತೀ, ತವರಮನ್ಯಾಗ ಹೊಲಾ ನಾನ ಕಾದೇನಿ. ಕವಣಿ ಬೀಸಿದ್ರ ಗಿಳಿಗೋಳು ಓಡಿ ಹೋಗ್ತಿದ್ದುವು. ಬೀಸಿದಾಕಿ ಹೆಣ್ಣಂತ ಒಂದೂ ಹಿಂದ ತಿರಗಿ ನೋಡಲಿಲ್ಲ."

ಅವ್ವ ಒಲೆಯೊಳಗೆ ಒಂದು ಸೌದೆ ಸರಿಸಿದಳು. ಆಮೇಲೆ, "ತಲಿ ಮ್ಯಾಲಿನ ಸೆರಗ ಜಾರಿದ್ರ ನೋಡ ಮತ್ತ," ಎಂದಳು. ಪಂದ್ಯದ ಮುಂಜಾನೆ ಆ ಸೆರಗಿಗೆ ಪಿನ್ನು ಚುಚ್ಚಿದವಳೂ ಅವಳೇ.

ಹುಕ್ಕೇರಿಯವರು ನಮ್ಮ ತಗ್ಗಿಗೇ ಒಂದು ಬಸ್ಸು ಮಾಡಿಕೊಂಡು ಬಂದಿದ್ದರು. ಸುಬೇದಾರರ ಪಾಡು ನೋಡಬೇಕಿತ್ತು. ಆ ಕಡೆ ಹುಟ್ಟಿದೂರಿನವರು, ಈ ಕಡೆ ಶಿಷ್ಯರು, ಯಾರ ಗುಂಡು ಕಪ್ಪುಚುಕ್ಕೆಗೆ ಬಿದ್ದರೂ "ಭಲೆ!" ಎನ್ನುವರು, ತಕ್ಷಣ ಇನ್ನೊಂದು ಕಡೆ ನೋಡಿ ಕೆಮ್ಮುವರು. ತಮ್ಮಣ್ಣನೂ ಬಂದಿದ್ದ, ತನ್ನ ಹಿಡಿಗೆ ತಾನೇ ಸಾಕ್ಷಿಯಾಗಿ, ಸಿಕ್ಕಸಿಕ್ಕವರಿಗೆಲ್ಲ, "ಹೆಣ್ಣಮಗಳ ಅಳತಿ ನೋಡೇ ಮಾಡೇನಿ," ಎಂದು ಹೇಳುತ್ತಿದ್ದ.

ನೀಲವ್ವನ ಸರದಿ ಬಂದಾಗ ಗದ್ದಲ ನಿಂತಿತು. ಅವಳು ಕೂತಳು. ಒಣಗಿದ ಹುಲ್ಲಿನ ಎಳೆಯೊಂದನ್ನು ಮೇಲಕ್ಕೆ ತೂರಿ ಅದು ಯಾವ ಕಡೆ ಬಿದ್ದಿತೆಂದು ನೋಡಿದಳು. ಆಮೇಲೆ ಆತುರವಿಲ್ಲದೆ, ಒಂದೊಂದೇ ಗುಂಡು ಹೊಡೆದಳು. ಒಮ್ಮೆ ಮಾತ್ರ ಬಳೆ ಜಾರಿ ಮರಕ್ಕೆ ತಾಗಿ ಸದ್ದಾಯಿತು. ರೈಫಲ್ಲು ಇಳಿಸಿ, ಬಳೆ ಏರಿಸಿ, ಮತ್ತೆ ಎತ್ತಿದಳು.

ಬಹುಮಾನ ಕೊಡಲು ಬಂದಿದ್ದ ಗಣ್ಯರು ಭಾಷಣದ ಕೊನೆಗೆ, "ಮಹಿಳೆಯರ ವಿಭಾಗದಲ್ಲಿ ಪ್ರಥಮ," ಎಂದು ನೀಲವ್ವನ ಹೆಸರು ಕೂಗಿ ಒಂದು ದೊಡ್ಡ ಬಟ್ಟಲು ಎತ್ತಿ ಹಿಡಿದರು. ಚಪ್ಪಾಳೆಯೋ ಚಪ್ಪಾಳೆ. ನೀಲವ್ವ ಮುಂದೆ ಹೋದಳು. ಬಟ್ಟಲು ತೆಗೆದುಕೊಳ್ಳಲಿಲ್ಲ.

"ಸಾಹೇಬರ, ಹೆಣ್ಣಮಕ್ಕಳಾಗ ನಾ ಒಬ್ಬಾಕಿನ ಇದ್ದೇನ್ರಿ. ಒಬ್ಬಾಕಿನ ಓಡಿ ಮೊದಲ ಬರೂದು ಯಾತರ ಮೊದಲ್ರಿ? ನನ್ನ ಕಾಗದಾನೂ ಅವರ ಕಾಗದದ ಜೋಡಿ ಇಟ್ಟ ನೋಡ್ರಿ. ಎಷ್ಟನೇದ ಬಂದ್ರೂ ಅಡ್ಡಿ ಇಲ್ಲ."

ಗಣ್ಯರು ಸುಬೇದಾರರನ್ನು ನೋಡಿದರು. ಸುಬೇದಾರರು ಆಗಲೇ ಕಾಗದಗಳನ್ನು ಮೇಜಿನ ಮೇಲೆ ಹಾಸಿಯಾಗಿತ್ತು. ಹುಕ್ಕೇರಿಯವರು, ಗೋಕಾಕದವರು ಎಲ್ಲ ತಲೆಗೆ ತಲೆ ಹಚ್ಚಿ ಬಗ್ಗಿದರು. ತೂತುಗಳನ್ನು ಎಣಿಸಿದರು, ಮತ್ತೆ ಎಣಿಸಿದರು, ಒಂದು ತೂತಿನ ಬಗ್ಗೆ ಜಗಳವಾಡಿದರು. ಕೊನೆಗೆ ಸುಬೇದಾರರು ತಲೆ ಎತ್ತಿದರು. ಮೊದಲನೆಯದು ಹುಕ್ಕೇರಿಯ ಒಬ್ಬರದು. ಎರಡನೆಯದು ಗೋಕಾಕದ ವಕೀಲರದು. ಮೂರನೆಯದು ನೀಲವ್ವನದು.

ಬಟ್ಟಲು ಹೋಗಿ ಕೈಗೆ ಒಂದು ಸಣ್ಣ ಬ್ಯಾಟರಿ ದೀಪ ಬಂತು. ನಾನು ಸಮಾಧಾನದ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳು ಕುಣಿಯುವುದೊಂದು ಬಾಕಿ! "ಮೂರನೇದ್ದು ಬಂದೇನ್ರಿ!" ಎಂದು ನನ್ನ ತೋಳು ಹಿಡಿದು ಜಗ್ಗಿದಳು, ಅಷ್ಟು ಜನರ ಮುಂದೆ. "ಅಷ್ಟೂ ಮಂದ್ಯಾಗ ಮೂರನೇದ್ದು!"

ಬೇವಿನ ಕೆಳಗೆ ಅವ್ವ ಬುತ್ತಿ ಬಿಚ್ಚಿದಳು. ಹೋಳಿಗೆ ಮಾಡಿ ತಂದಿದ್ದಳು. ಗೆಲ್ಲದಿದ್ದರೆ ಏನು ಮಾಡುತ್ತಿದ್ದಳೋ ನಾನು ಕೇಳಲಿಲ್ಲ. ಸುಬೇದಾರರು ಎಂದಿನಂತೆ ತಮ್ಮ ಡಬ್ಬಿ ಹಿಡಿದು ದೂರದ ಬಂಡೆಯ ಕಡೆ ಹೊರಟಿದ್ದರು. ಅವ್ವ ಕೂಗಿದಳು: "ಸುಬೇದಾರ್ರ, ಅಲ್ಲೆಲ್ಲಿ ಹೊಂಟ್ರಿ? ಇಲ್ಲಿ ಬರ್ರಿ, ನಮ್ಮ ಜೋಡಿ ಕುಂಡ್ರಿ." ಅವರು ಒಂದು ಕ್ಷಣ ನಿಂತರು. ಬಂದು ಕೂತರು. ಅವ್ವ ಅವರ ಎಲೆಗೆ ಹೋಳಿಗೆ ಹಾಕಿ, ಅವರು ಸಾಕೆಂದರೂ ಬಿಡದೆ ಇನ್ನೊಂದು ಹಾಕಿ, ಅದರ ಮೇಲೆ ತುಪ್ಪ ಸುರಿದಳು. ಚಿಕ್ಕವನಿದ್ದಾಗ ನಮ್ಮ ಮನೆಯ ಕಟ್ಟೆ ಯಾರು ಎಲ್ಲಿಯವರೆಗೆ ಹತ್ತಬಹುದೆಂಬುದನ್ನು ನೋಡಿದವನು ನಾನು. ಕೈಯ ತುತ್ತನ್ನು ಹಾಗೇ ಹಿಡಿದು ಅವ್ವನನ್ನು ನೋಡಿದೆ. ಸುಬೇದಾರರು ಮಾತ್ರ ಹೋಳಿಗೆ ಹದವಾಗಿದೆ ಎಂದರು, ಅವ್ವ ಬೇಳೆ ಈ ಸಲ ಅಷ್ಟು ಛಲೋ ಇರಲಿಲ್ಲ ಎಂದಳು.

ಮಧ್ಯಾಹ್ನದ ಬಸ್ಸು ಕಿಕ್ಕಿರಿದಿತ್ತು. ಹೇಗೋ ಅವ್ವನಿಗೂ ನೀಲವ್ವನಿಗೂ ಕೂರಲು ಜಾಗ ಸಿಕ್ಕಿತು. ನಾನು ರೈಫಲ್ಲಿನ ಉದ್ದನೆಯ ಗಂಟನ್ನು ಎದೆಗವುಚಿ ಅವರ ಪಕ್ಕದಲ್ಲಿ ನಿಂತೆ. ಕಂಡಕ್ಟರು ಜನರನ್ನು ಸರಿಸುತ್ತ ಬಂದು ಗಂಟನ್ನು ಬೆರಳಿನಿಂದ ತಟ್ಟಿದ.

"ಇದೇನ್ರಿ, ಇಷ್ಟುದ್ದ? ಟಾಪಿನ ಮ್ಯಾಲ ಹಾಕ್ರಿ."

ನಾನು ಗಂಟಲು ಸರಿಮಾಡಿಕೊಂಡು, ಲೈಸನ್ಸಿಗಾಗಿ ಜೇಬಿಗೆ ಕೈಹಾಕಿದೆ. ಅಷ್ಟರಲ್ಲಿ ಅವ್ವ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ನಮ್ಮ ಸೊಸಿ ಬಂದೂಕಪಾ ಅದು. ಮ್ಯಾಲ ಹೆಂಗ ಹಾಕೂದು? ಇಂವಾ ಹಿಡಕೊಂಡ ನಿಂತಾನಲ್ಲ, ನಿಲ್ಲಲಿ ಬಿಡು."

ಬಸ್ಸಿನ ಕಣ್ಣುಗಳೆಲ್ಲ ನೀಲವ್ವನ ಕಡೆ ತಿರುಗಿದವು. ಅವಳು ಕಿಟಕಿಯಾಚೆ ನೋಡುತ್ತ ಬ್ಯಾಟರಿ ದೀಪವನ್ನು ಹಾಡುಹಗಲಲ್ಲಿ ಹೊತ್ತಿಸಿ ಆರಿಸಿ ಮಾಡುತ್ತಿದ್ದಳು. ಕಾಗದದ ಪ್ರಕಾರ ಬಂದೂಕು ನನ್ನದೆಂದು ಹೇಳುವ ಮನಸ್ಸೇನೋ ಆಯಿತು. ಆದರೆ ಅಷ್ಟು ತುಂಬಿದ ಬಸ್ಸಿನಲ್ಲಿ ಸತ್ಯಕ್ಕೂ ನಿಲ್ಲಲು ಒಂದಿಷ್ಟು ಜಾಗ ಬೇಕಲ್ಲ. ಗಂಟನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡು, ಮೂಡಲಗಿಗೆ ಮೂರು ಟಿಕೀಟು ಕೇಳಿದೆ.